ಮಳೆಗಾಲ ಬಿಟ್ಟು ಮಾಡುವ ಲೆಕ್ಕ

ದೊಡ್ಡ ಗಣಿಗೆ ಪರಿಸರ ಅನುಮತಿ ಕೇಳುವವರು ಸಲ್ಲಿಸುವ ವರದಿಯಲ್ಲಿ ಕಾಡುಜೀವಿಗಳದ್ದೂ ಒಂದು ಅಧ್ಯಾಯ ಇರಲೇಬೇಕು. ಗುತ್ತಿಗೆಯ ಜಾಗ ಮತ್ತು ಅದರ ಅಂಚಿನಿಂದ 10 ಕಿ.ಮೀ.ವರೆಗಿನ ಪ್ರದೇಶದ ಗಿಡ, ಪ್ರಾಣಿ, ಪಕ್ಷಿಗಳನ್ನು ಬೇರೆಬೇರೆಯಾಗಿ ಪಟ್ಟಿ ಮಾಡಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ ಕಂಡರೆ, ಅರಣ್ಯ ಇಲಾಖೆಯ ಸಲಹೆ ಪಡೆದು ಖರ್ಚಿನ ಲೆಕ್ಕ ಸಮೇತ ರಕ್ಷಣಾ ಯೋಜನೆ ಬರೆಯಬೇಕು. ಕೇಂದ್ರ ಪರಿಸರ ಸಚಿವಾಲಯದ ಮಾದರಿ ಷರತ್ತುಗಳು ಇಷ್ಟನ್ನೂ ಹೇಳಿ, ಮೂಲ ಮಾಹಿತಿಗೆ ಒಂದು ಋತು ಸಾಕು ಎನ್ನುತ್ತವೆ. ಆ ಋತು ಮಾತ್ರ ಮಳೆಗಾಲ ಆಗಿರಬಾರದು.

ಧೂಳು ಅಳೆಯುವವರಿಗೆ ಇದು ಸರಿ. ಮಳೆ ಬಿದ್ದ ಮೇಲೆ ಗಾಳಿಯಲ್ಲಿ ಧೂಳು ನಿಲ್ಲುವುದಿಲ್ಲ. ಜೀವಿಗಳನ್ನು ಹುಡುಕುವವರಿಗೆ ಇದೇ ತೊಡಕು.

ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ರಾಮದುರ್ಗದವರೆಗೆ ಹಬ್ಬಿದ ಮರಳುಗಲ್ಲಿನ ಗುಡ್ಡಗಳನ್ನು ಏಪ್ರಿಲ್‌ನಲ್ಲಿ ನೋಡಿದರೆ ಕಾಣುವುದು ಬಂಡೆ, ಒಣಹುಲ್ಲು, ಜಾಲಿ. ನೆಲದೊಳಗೆ ಹುದುಗಿದ ಕಪ್ಪೆಗಳು ಹೊರಬರುವುದು ಮೊದಲ ಮಳೆಗೆ. ಗಡ್ಡೆಯಾಗಿ ಉಳಿದ ಸಸ್ಯಗಳು ಚಿಗುರಿ ಹೂ ಬಿಟ್ಟು ಗುರುತು ಸಿಗುವುದೂ ಆಗಲೇ. ತೋಳದ ಕಥೆ ಬೇರೆ. ಅದು ಮರಿ ಹಾಕುವುದು ಚಳಿಗಾಲದ ಹೊತ್ತಿಗೆ; ಗವಿ, ಪೊಟರೆ ಹುಡುಕಬೇಕಾದ್ದು ಆಗ. ಯಾವ ಹಳ್ಳ ಪ್ರಾಣಿಗಳಿಗೆ ಕೊನೆಯ ನೀರು ಎಂಬುದು ತಿಳಿಯಲು ಮೇ ತಿಂಗಳೇ ಬರಬೇಕು. ಒಂದೇ ಋತುವಿನಲ್ಲಿ ಬಂದು ಹೋದವರ ಪಟ್ಟಿಯಲ್ಲಿ ನವಿಲು ತಪ್ಪುವುದಿಲ್ಲ; ನವಿಲುತೀರ್ಥದ ಸೀಮೆಯಲ್ಲಿ ಅದನ್ನು ಹುಡುಕಬೇಕಾಗಿಯೂ ಇಲ್ಲ. ನವಿಲೂ ತೋಳವೂ ಮೊದಲ ಅನುಸೂಚಿಯಲ್ಲೇ ಇವೆ. ಆದರೆ ಹಗಲಲ್ಲಿ ಕೂಗಿ ಕರೆಯುವುದು ನವಿಲು ಮಾತ್ರ.

ಪಕ್ಕಪಕ್ಕದ ತಾಲ್ಲೂಕುಗಳಿಗೂ ಒಂದೇ ಅಳತೆ ಒಗ್ಗದು. ಕಿತ್ತೂರು ಮಲೆನಾಡಿನ ಸೆರಗು, ಬೈಲಹೊಂಗಲ ಎರೆ ಭೂಮಿ, ಸವದತ್ತಿ ಮತ್ತು ರಾಮದುರ್ಗದ ಗುಡ್ಡಗಳು ಒಣ ಬಯಲುಸೀಮೆ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ಜೀವಿಗಳೂ ಬದಲಾಗುತ್ತವೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರಗಳಿಗಾಗಿಯೇ ವನ್ಯಧಾಮ ಮಾಡಲಾಯಿತು. ದಟ್ಟ ಕಾಡಿದ್ದಲ್ಲಿ ಮಾತ್ರ ವನ್ಯಜೀವಿ ಎಂಬ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಈ ವಾದ ಬೀದಿಗೇ ಬಂತು. ಚಿನ್ನದ ಗಣಿಯ ಪ್ರಸ್ತಾವ ಇದ್ದ ಆ ಗುಡ್ಡಸಾಲನ್ನು ಸರ್ಕಾರ 2015ರ ಡಿಸೆಂಬರ್‌ನಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, 2016ರ ನವೆಂಬರ್‌ನಲ್ಲಿ ಹಿಂದೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಧರಣಿ ಕೂತ ಮೇಲೆ, 2017ರ ಏಪ್ರಿಲ್‌ನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ ಅದು ವನ್ಯಧಾಮವೇ ಆಯಿತು. ತೋಳ, ಕತ್ತೆಕಿರುಬ, ಔಷಧಿ ಸಸ್ಯಗಳು ಗುಡ್ಡದ ಪರ ನಿಂತ ಸಾಕ್ಷಿಗಳು.

ಕೆಲವೊಮ್ಮೆ ಇಡೀ ಪ್ರಭೇದದ ಅಳಿವು-ಉಳಿವು ಒಂದು ಬಂಡೆಯ ಸಂದಿಯಲ್ಲಿರುತ್ತದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯಲ್ಲಿರುವ ಎಲೆಮೂಗಿನ ಬಾವಲಿ ಅಳಿವಿನ ಅಂಚಿನಲ್ಲಿದೆ; ಸುತ್ತಲಿನ ಕಲ್ಲುಗಣಿಗಾರಿಕೆ ಅದಕ್ಕೆ ಒದಗಿದ ದೊಡ್ಡ ಕುತ್ತು. ಇಂಥದ್ದು ಹಗಲಿನ ನಡಿಗೆಯಲ್ಲಿ ಸಿಗದು. ಮನುಷ್ಯನ ಕಿವಿಗೆ ಕೇಳದ ದನಿ ಹಿಡಿಯುವ ಯಂತ್ರ ಇಟ್ಟುಕೊಂಡು ರಾತ್ರಿ ಕಾಯಬೇಕು. ತೋಳಕ್ಕಾದರೆ ಹಿಕ್ಕೆ, ಹೆಜ್ಜೆ, ಕ್ಯಾಮೆರಾ ಬಲೆ. ಅವೆಲ್ಲಕ್ಕೂ ಮೊದಲು ಕುರಿಗಾರರ ಮಾತು. ಕುರಿ ಎಲ್ಲಿ, ಯಾವಾಗ ಹೋಯಿತೆಂಬುದು ಅವರಿಗೆ ನೆನಪಿರುತ್ತದೆ.

ಆ ಮಾತು ಕಡತಕ್ಕೆ ಸೇರುವ ಜಾಗ ಸಾರ್ವಜನಿಕ ಅಹವಾಲು ಸಭೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆದರೆ 5 ಹೆಕ್ಟೇರ್‌ವರೆಗಿನ ಕಲ್ಲುಗಣಿ ಒಂಟಿಯಾಗಿದ್ದರೆ ಸಾಮಾನ್ಯವಾಗಿ ಅಂಥ ವರದಿಯೂ ಇಲ್ಲ, ಸಭೆಯೂ ಇಲ್ಲ. 500 ಮೀಟರ್ ಒಳಗೆ ಇನ್ನೊಂದು ಗಣಿಯಿದ್ದು, ಒಟ್ಟು ವಿಸ್ತೀರ್ಣ 5 ಹೆಕ್ಟೇರ್ ದಾಟಿದರೆ ಮಾತ್ರ ಎರಡೂ ಬೇಕು. ಹೀಗಾಗಿ ಅರ್ಜಿ ಬಂದಾಗ ಊರಿನವರು ಮೊದಲು ಕೇಳಬೇಕಾದ ಕಾಗದ, ಸುತ್ತಲಿನ ಗಣಿಗಳನ್ನೆಲ್ಲ ತೋರಿಸುವ ನಕ್ಷೆ.