ಗುಂಯ್‌ಗುಡುವ ಸದ್ದಿನ ಜಾಡು ಹಿಡಿಯುವವರು

ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟ ಹೊರಡುವ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಗೆ. ಅಲ್ಲಿಯವರೆಗೆ ಇಂದು ಗದ್ದೆ, ನಾಳೆ ದೇವಸ್ಥಾನದ ಅಂಗಳ, ನಾಡಿದ್ದು ಶಾಲೆಯ ಮೈದಾನ. ಹಿಮ್ಮೇಳ ಮುಮ್ಮೇಳವೆಲ್ಲ ಮೇಳದ ಜತೆಗೇ ಬರುತ್ತದೆ; ಕರೆಂಟು ಮಾತ್ರ ಆಯಾ ಊರಿನದು. ಅದರ ಬೆನ್ನಿಗೇ ಬೇಡದ ಸದ್ದೂ ಸ್ಪೀಕರಿಗೆ ನುಗ್ಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಮೈಕ್‌ಸೆಟ್ಟಿನವರು ಆ ಸದ್ದನ್ನು ಹುಡುಕಿ ಹೊರಹಾಕಿರಬೇಕು. ಅದಕ್ಕೆ ಬೇಕಾದದ್ದು ಪಳಗಿದ ಕಿವಿ ಮತ್ತು ತಪ್ಪದ ಕ್ರಮ.

ಸದ್ದೇ ಕೊಡುವ ಸುಳಿವು

ಒಂದೊಂದು ದೋಷಕ್ಕೂ ಒಂದೊಂದು ದನಿ. ನಮ್ಮ ಮನೆಗಳ ಕರೆಂಟು 230 ವೋಲ್ಟ್, 50 ಹರ್ಟ್ಸ್. ತಗ್ಗಿನಲ್ಲಿ ‘ಗುಂಯ್’ ಎಂದು ಒಂದೇ ಸಮನೆ ಕೇಳಿದರೆ ಅದು 50 ಅಥವಾ 100 ಹರ್ಟ್ಸಿನ ಸದ್ದು. ಅರ್ಥಿಂಗ್ ಕಡೆ ನೋಡಬೇಕು. ‘ಜಿರ್ರ್’ ಎಂದು ಹರಿತವಾಗಿ ಕೊರೆದರೆ ಲೈಟಿನ ಡಿಮ್ಮರ್ ಮೇಲೆ ಅನುಮಾನ. ಡಿಮ್ಮರ್ ಕರೆಂಟಿನ ಅಲೆಯನ್ನು ಕತ್ತರಿಸಿ ಬೆಳಕು ತಗ್ಗಿಸುತ್ತದೆ. ಆ ಕತ್ತರಿಸಿದ ಅಂಚೇ ಕೇಬಲ್‌ಗಳಲ್ಲಿ ಕೇಳಿಸುವುದು. ‘ಸುಸ್’ ಎನ್ನುವುದು ಮಿಕ್ಸರಿನಲ್ಲಿ ಮೈಕಿನ ಗೇನ್ ಕಡಿಮೆಯಿಟ್ಟು ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ. ಅಲುಗಿದಾಗ ಮಾತ್ರ ‘ಕರಕರ’ ಎಂದರೆ ಪಿನ್ನಿನೊಳಗೆ ಬೆಸುಗೆ ಬಿಟ್ಟಿದೆ.

‘ಕುಂಯ್’ ಎಂದು ಕಿರುಚುವುದು ಫೀಡ್‌ಬ್ಯಾಕ್. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಹಿಗ್ಗಿ, ಮತ್ತೆ ಸ್ಪೀಕರಿಗೆ ಬರುವ ಸುತ್ತು ಅದು. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಇದಕ್ಕೆ ಲಾರ್ಸೆನ್ ಪರಿಣಾಮ ಎಂದೂ ಹೇಳುತ್ತಾರೆ. ಅನುಭವಿಗಳು ಈಕ್ವಲೈಸರಿಗೆ ಕೈಹಾಕುವ ಮೊದಲು ಸ್ಪೀಕರನ್ನು ಮೈಕುಗಳಿಗಿಂತ ಮುಂದಕ್ಕೆ ಸರಿಸುತ್ತಾರೆ, ಮೈಕನ್ನು ಭಾಗವತರ ಬಾಯಿಗೆ ಹತ್ತಿರ ತರುತ್ತಾರೆ.

ಅರ್ಧ ಅರ್ಧವಾಗಿ ಹುಡುಕು

ಸದ್ದಿನ ಜಾತಿ ತಿಳಿದ ಮೇಲೆ ಜಾಗ ಹುಡುಕಬೇಕು. ಮೊದಲು ಮಿಕ್ಸರಿನ ಎಲ್ಲ ಚಾನೆಲ್ ಮುಚ್ಚುತ್ತಾರೆ. ಸದ್ದು ಹಾಗೇ ಉಳಿದರೆ ತೊಂದರೆ ಮಿಕ್ಸರಿನಿಂದ ಸ್ಪೀಕರಿನ ಕಡೆಗೆ. ನಿಂತರೆ ರಂಗಸ್ಥಳದ ಕಡೆಗೆ. ಒಂದೇ ಕೈಚಳಕದಲ್ಲಿ ಅರ್ಧ ಹುಡುಕಾಟ ಮುಗಿಯಿತು. ಇನ್ನು ಚಾನೆಲ್‌ಗಳನ್ನು ಒಂದೊಂದಾಗಿ ತೆರೆಯುತ್ತ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ.

ಈಗಿನ ಆಟಗಳಲ್ಲಿ ಇಂಥ ಕಳ್ಳ ಬಹಳ ಸಲ ಅಡಗಿರುವುದು ನೇರಪ್ರಸಾರದವರ ಮೇಜಿನಲ್ಲಿ. ಅವರು ಮಿಕ್ಸರಿನಿಂದ ಒಂದು ಲೈನ್ ಪಡೆದು ಲ್ಯಾಪ್‌ಟಾಪಿಗೆ ಚುಚ್ಚುತ್ತಾರೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಸಭಾಭವನದ ಸಾಕೆಟ್ಟಿನಲ್ಲಿ, ಮಿಕ್ಸರ್ ಬೇರೊಂದು ಲೈನಿನಲ್ಲಿ. ಎರಡು ಕಡೆಯ ಅರ್ಥಿಂಗ್ ನಡುವೆ ಇರುವ ಚೂರು ವೋಲ್ಟೇಜ್ ವ್ಯತ್ಯಾಸ ಸಾಕು, ಕೇಬಲ್ಲಿನ ಹೊರಜಾಲರಿಯಲ್ಲಿ ಕರೆಂಟು ಹರಿದು ಇಡೀ ಮೈದಾನ ಗುಂಯ್‌ಗುಡುತ್ತದೆ. ಇದೇ ಗ್ರೌಂಡ್ ಲೂಪ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದ ಕೂಡಲೇ ಸದ್ದು ನಿಂತರೆ ಅನುಮಾನವೇ ಇಲ್ಲ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಬೇಕು. ಆಗದಿದ್ದರೆ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಪುಟ್ಟ ಪೆಟ್ಟಿಗೆ ಹಾಕಬೇಕು. ಅದರೊಳಗೆ ತಂತಿ ತಂತಿಗೆ ತಾಗದೆ ಕಾಂತಶಕ್ತಿಯ ಮೂಲಕ ಧ್ವನಿಯಷ್ಟೇ ದಾಟುತ್ತದೆ.

ಮೈಕಿನಿಂದ ಮಿಕ್ಸರಿಗೆ ಬರುವ ಉದ್ದದ ಕೇಬಲ್ಲಿಗೆ ಮೂರು ಪಿನ್ ಇರುವುದಕ್ಕೂ ಕಾರಣವಿದೆ. 1ನೆಯದು ಹೊರಜಾಲರಿ. 2 ಮತ್ತು 3ನೆಯದರಲ್ಲಿ ಒಂದೇ ಧ್ವನಿ, ಒಂದಕ್ಕೊಂದು ತಿರುವುಮುರುವಾಗಿ ಬರುತ್ತದೆ. ದಾರಿಯಲ್ಲಿ ಅಂಟಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುವುದರಿಂದ, ಮಿಕ್ಸರ್ ಅವೆರಡರ ವ್ಯತ್ಯಾಸ ತೆಗೆದಾಗ ಅದು ಅಳಿಸಿಹೋಗುತ್ತದೆ. ಇಷ್ಟಾದರೂ ಕರೆಂಟಿನ ವೈರಿನ ಪಕ್ಕಪಕ್ಕಕ್ಕೇ ಮೈಕಿನ ಕೇಬಲ್ ಎಳೆಯಬಾರದು. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು.

ಮೂರನೆಯ ಪಿನ್ ಮುರಿಯಬೇಡಿ

ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಅಡ್ಡದಾರಿ ಹಲವೆಡೆ ಇದೆ. ಸದ್ದು ನಿಲ್ಲುವುದೂ ನಿಜ. ಆದರೆ ಆಂಪ್ಲಿಫೈಯರಿನೊಳಗೆ ಒಂದು ವೈರಿನ ಸಿಪ್ಪೆ ಸುಲಿದು ಲೋಹದ ಮೈಗೆ ತಾಗಿದರೆ ಆ ಕರೆಂಟು ಹರಿದುಹೋಗಲು ದಾರಿ ಉಳಿಯುವುದಿಲ್ಲ. ಬೆವರಿನಲ್ಲಿ ತೊಯ್ದು ಬರಿಗಾಲಲ್ಲಿ ನಿಂತ ಕಲಾವಿದರು ಮೈಕಿನ ಸ್ಟ್ಯಾಂಡ್ ಮುಟ್ಟಿದರೆ ಅವರ ದೇಹವೇ ದಾರಿಯಾಗುತ್ತದೆ. ಯಾವ ಆಟವೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಆಟ ಆಡಿಸುವವರ ಪಾಲಿನ ಕೆಲಸವೂ ಇದೆ. ಸೀರಿಯಲ್ ಸೆಟ್ಟಿಗೂ ಮೈಕ್‌ಸೆಟ್ಟಿಗೂ ಬೇರೆ ಬೇರೆ ಲೈನ್ ಕೊಡಿ. ಮೈಕ್ ಪರೀಕ್ಷಿಸುವಾಗ ಲೈಟುಗಳನ್ನೆಲ್ಲ ಹಾಕಿಡಿ. ಕತ್ತಲಾದ ಮೇಲೆ ಹುಟ್ಟುವ ಸದ್ದು ಹಗಲಲ್ಲೇ ಸಿಕ್ಕಿಬೀಳಲಿ. ಎಲ್ಲಕ್ಕಿಂತ ಮುಖ್ಯ, ಚೆಂಡೆ ಏರುವ ಮುಂಚೆ ಮೈಕ್‌ಸೆಟ್ಟಿನವರಿಗೆ ಒಂದು ಗಂಟೆ ಬಿಟ್ಟುಕೊಡಿ. ವೇಷಧಾರಿ ದನಿ ತಗ್ಗಿಸಿ ಆಡುವ ಮಾತು ಕೊನೆಯ ಸಾಲಿಗೂ ತಲುಪಬೇಕಾದರೆ ಆ ಒಂದು ಗಂಟೆ ಬೇಕೇ ಬೇಕು.