ಕಾಮಾಲೆಯ ಮಗುವಿಗೆ ಜೀವಕೋಶಗಳ ಆಸರೆ

ಕಾಮಾಲೆಯೆಂದೊಡನೆ ನಾವು ನೆಲನೆಲ್ಲಿಯನ್ನು ಹುಡುಕುತ್ತೇವೆ. ಕ್ರಿಗ್ಲರ್-ನಜ್ಜಾರ್ ಎಂಬ ಹುಟ್ಟುಕಾಯಿಲೆಯ ಕಾಮಾಲೆಗೆ ಅದು ಮದ್ದಲ್ಲ. ಇಲ್ಲಿ ಯಕೃತ್ತಿನಲ್ಲಿ ಒಂದೇ ಒಂದು ಕಿಣ್ವದ ಕೊರತೆ. ಅದರಿಂದ ಬಿಲಿರುಬಿನ್ ಎಂಬ ಹಳದಿ ದ್ರವ್ಯ ರಕ್ತದಲ್ಲಿ ಉಳಿದು ಮಿದುಳಿಗೆ ಕುತ್ತು ತರುತ್ತದೆ. ಮಗು ದಿನವೂ ಹಲವು ಗಂಟೆ ನೀಲಿ ಬೆಳಕಿನಡಿ ಮಲಗಬೇಕು. ಹೆತ್ತವರ ಪಾಡು ಹೇಳತೀರದು!

ಅಮೆರಿಕದ ನೆಬ್ರಾಸ್ಕಾದ ವೈದ್ಯರು ಇಂಥ 10 ವರ್ಷದ ಬಾಲಕಿಗೆ, ದಾನದ ಯಕೃತ್ತಿನಿಂದ ಬೇರ್ಪಡಿಸಿದ ಸುಮಾರು 750 ಕೋಟಿ ಜೀವಕೋಶಗಳನ್ನು ಯಕೃತ್ತಿನ ರಕ್ತನಾಳದೊಳಗೆ ಹರಿಯಿಸಿದ ವೃತ್ತಾಂತವು 1998ರಲ್ಲಿ ಪ್ರಕಟವಾಯಿತು. ಆಕೆಯ ಸ್ವಂತ ಯಕೃತ್ತು ಇದ್ದಲ್ಲಿಯೇ ಉಳಿಯಿತು. ಬಿಲಿರುಬಿನ್ ಇಳಿಯಿತು, ಬೆಳಕಿನಡಿಯ ಗಂಟೆಗಳೂ ತಗ್ಗಿದವು. ಸೇರಿದ ಕೋಶಗಳು ಇಡೀ ಯಕೃತ್ತಿನ ಅಲ್ಪಾಂಶ ಮಾತ್ರವೆಂಬುದೇ ನಮಗೆ ಸೋಜಿಗ.

ಆದರೂ ರೋಗ ಪೂರ್ಣ ಗುಣವಾಗಲಿಲ್ಲ. ಮುಂದೆ ಆಕೆಗೆ ಯಕೃತ್ತಿನ ಕಸಿಯನ್ನೇ ಮಾಡಬೇಕಾಯಿತು. ಕೋಶಕಸಿ ಕಾಲಾವಕಾಶವನ್ನು ಒದಗಿಸುತ್ತದೆ. ಅದಕ್ಕೂ ದಾನಿಯ ಯಕೃತ್ತೇ ಬೇಕು.