ತೊಟ್ಟಿಲಲ್ಲಿ ಹೆಣ್ಣು ಕೂಸು, ಹೆಸರು ಮಾತ್ರ ಇಬ್ಬರದ್ದೂ!

ಮಂಡ್ಯ: ತೊಟ್ಟಿಲಿಗೆ ಹೂವು ಸುತ್ತಿಯಾಗಿತ್ತು. ಸೋದರತ್ತೆ ಬಸ್ಸಿಳಿದು ಬಂದಾಗಿತ್ತು. ಒಲೆ ಮೇಲೆ ಪಾಯಸ ಕುದಿಯುತ್ತಿತ್ತು. ಬಾಕಿ ಇದ್ದದ್ದು ಒಂದೇ: ಕೂಸಿನ ಕಿವಿಯಲ್ಲಿ ಯಾವ ಹೆಸರು ಹೇಳಬೇಕು? ಅಲ್ಲೇ ಬಿತ್ತು ನೋಡಿ ಗಂಟು!

ತಾಲ್ಲೂಕಿನ ಒಂದು ಹಳ್ಳಿಯ ಮನೆಯ ಕಥೆ ಇದು. ಕೂಸಿನ ತಾಯಿ ಆರಿಸಿದ್ದು 'ಕಿರಣ' ಅಂತ. ಅದನ್ನು ಕೇಳಿದ ಅತ್ತೆ ಕುಂತಿದ್ದ ಚಾಪೆಯಿಂದ ಎದ್ದೇಬಿಟ್ಟರು.

"ಹೆಣ್ಣೈಕ್ಳಿಗೆ ಗಂಡಿನ್ ಹೆಸ್ರು ಮಡಗದಾ? ಗಂಡು ಹುಟ್ನಿಲ್ಲ ಅಂತ ಕೊರಗಾ ನಿಂಗೆ? ಹಂಗಿದ್ರೆ ಬಾಯ್ಬುಟ್ಟು ಹೇಳ್ಬುಡವ್ವ."

"ಕೊರಗೂ ಇಲ್ಲ, ಏನೂ ಇಲ್ಲ ಅತ್ತೆ. ನನಗಾದದ್ದು ಇವಳಿಗೆ ಆಗಬಾರದು, ಅಷ್ಟೇ" ಎಂದಳು ಸೊಸೆ.

ಆಕೆಗೆ ಆದದ್ದಾದರೂ ಏನು? ಸಿವಿಲ್ ಡಿಪ್ಲೊಮಾ ಪಾಸು ಮಾಡಿದ ಹೆಣ್ಣುಮಗಳು. ಕಂಟ್ರಾಕ್ಟರೊಬ್ಬರ ಬಳಿ ಕೆಲಸಕ್ಕೆ ಅರ್ಜಿ ಹಾಕಿದಾಗ ಅವರು ಓದಿದ್ದು ಮೇಲಿನ ಒಂದು ಸಾಲು ಮಾತ್ರ. ಹೆಣ್ಣಿನ ಹೆಸರು ಕಂಡ ಕೂಡಲೇ, "ಸೈಟ್ ಕೆಲಸ ನಿಮ್ಮ ಕೈಲಿ ಆಗಲ್ಲಮ್ಮ" ಎಂದು ಕಾಗದ ವಾಪಸ್ಸು! ಅಂಕಪಟ್ಟಿ ತಿರುವಿ ನೋಡಲೇ ಇಲ್ಲ. ಅವತ್ತೇ ಆಕೆ ನಿಶ್ಚಯ ಮಾಡಿದ್ದು: ಮಗಳಾದರೆ, ಅವಳ ಅರ್ಜಿಯನ್ನು ಕೊನೆಯ ಸಾಲಿನ ತನಕ ಓದಿಸಬಲ್ಲ ಹೆಸರಿಡಬೇಕು.

ಅತ್ತೆಯ ಅನುಮಾನ ಸುಳ್ಳೇ?

ಹಾಗಂತ ಅತ್ತೆಯ ಮಾತನ್ನು ಹಳೇ ಕಾಲದ ತಕರಾರು ಎಂದು ತಳ್ಳಿಹಾಕುವಂತಿಲ್ಲ. ಭ್ರೂಣದ ಲಿಂಗ ಪತ್ತೆ ತಡೆಯಲು 1994ರಲ್ಲೇ ಕಾಯಿದೆ ಬಂದಿದೆ. ಆದರೂ 2023ರ ಕೊನೆಯಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದ ಜಾಲ ಬಯಲಾದದ್ದನ್ನು ಜನ ಮರೆತಿಲ್ಲ. ಬೆಲ್ಲ ಬೇಯುವ ಕಡೆ ಹೆಣ್ಣು ಭ್ರೂಣಕ್ಕೆ ಸಾವಿನ ತೀರ್ಪು! ಇಂಥ ಜಿಲ್ಲೆಯಲ್ಲಿ ಹೆಣ್ಣು ಕೂಸಿಗೆ ಗಂಡಿನದೂ ಆಗಬಹುದಾದ ಹೆಸರಿಟ್ಟರೆ, "ಯಾಕೆ?" ಎಂದು ಕೇಳುವ ಹಕ್ಕು ಅಜ್ಜಿಗೆ ಇದ್ದೇ ಇದೆ.

ಹೆಸರಿನಲ್ಲೇ ಬೇಸರ ತೋರಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಸಾಲಾಗಿ ಹೆಣ್ಣೇ ಹುಟ್ಟಿದರೆ 'ಸಾಕಮ್ಮ' ಎಂದಿಟ್ಟವರುಂಟು. ಸಾಕಿ ಸಲಹುವವಳು ಎಂಬ ಒಳ್ಳೇ ಅರ್ಥವೂ ಆ ಹೆಸರಿಗಿದೆ ಅನ್ನಿ. ಪಕ್ಕದ ಮಹಾರಾಷ್ಟ್ರದಲ್ಲಂತೂ ಮುಚ್ಚುಮರೆಯಿಲ್ಲದೆ 'ನಕುಶಾ', ಅಂದರೆ 'ಬೇಡವಾದವಳು' ಎಂದೇ ಇಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಸಮಾರಂಭವನ್ನೇ ಏರ್ಪಡಿಸಿ 285 ಹೆಣ್ಣುಮಕ್ಕಳಿಗೆ ಹೊಸ ಹೆಸರು ಕೊಟ್ಟರು. ಹೆಸರಿನ ಭಾರ ಎಷ್ಟೆಂದು ತಿಳಿಯಲು ಇದಕ್ಕಿಂತ ಸಾಕ್ಷಿ ಬೇಕೆ?

ಅಪ್ಪ-ಅಮ್ಮ ತೆಗೆದರೆ ಎಲ್ಲ ಒಂದೇ

ಇಬ್ಬರಿಗೂ ಸಲ್ಲುವ ಹೆಸರು ಪೇಟೆಯವರ ಹೊಸ ಶೋಕಿ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನಂಜಪ್ಪ-ನಂಜಮ್ಮ, ನಿಂಗಯ್ಯ-ನಿಂಗಮ್ಮ, ಚೆನ್ನಪ್ಪ-ಚೆನ್ನಮ್ಮ, ಹೊನ್ನಪ್ಪ-ಹೊನ್ನಮ್ಮ. ನಮ್ಮ ಹಿರಿಯರ ಹೆಸರುಗಳ ಬೇರು ಒಂದೇ. ಬಾಲ ಮಾತ್ರ ಬೇರೆ. ಮನೆದೇವರ ಹೆಸರು ಗಂಡಿಗೂ ಆಯಿತು, ಹೆಣ್ಣಿಗೂ ಆಯಿತು. ಅಷ್ಟೇ ಏಕೆ, ಕೊಡಗಿನಲ್ಲಿ ತಾಯಿ ಕಾವೇರಿಯ ಹೆಸರು ಹೊತ್ತ ಗಂಡಸರು ಕಾವೇರಪ್ಪ ಎಂದು ಠೀವಿಯಿಂದ ಓಡಾಡುತ್ತಾರೆ. ಯಲ್ಲಮ್ಮನ ಹೆಸರಿನ ಯಲ್ಲಪ್ಪ, ಗಂಗೆಯ ಹೆಸರಿನ ಗಂಗಪ್ಪ ಯಾರಿಗೂ ಹೆಣ್ಣಿನ ಹೆಸರೆಂದು ನಾಚಿಕೆಯಾದದ್ದಿಲ್ಲ. ಹೆಣ್ಣುದೇವರ ಹೆಸರನ್ನು ಗಂಡು ಹೊರಬಹುದಾದರೆ, ಬಾಲವಿಲ್ಲದ ಹೆಸರನ್ನು ಹೆಣ್ಣು ಹೊತ್ತರೆ ತಪ್ಪೇನು?

ಈಚಿನವರ ಪೈಕಿಯೂ ಉದಾಹರಣೆಗೆ ಬರವಿಲ್ಲ. 1972ರಲ್ಲಿ ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾದವರು ಕಿರಣ್ ಬೇಡಿ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರು ಮಾಡಿದವರು ಕಿರಣ್ ಮಜುಂದಾರ್. ವಿಕೆಟ್ ಹಿಂದೆ ನಿಂತ ಕಿರಣ್ ಮೋರೆ ಗಂಡಸು. ನಮ್ಮಲ್ಲಿ ಜ್ಯೋತಿ ಎಂದರೆ ಹೆಣ್ಣುಮಗಳು. ಬಂಗಾಳದಲ್ಲಿ 1977ರಿಂದ 2000ದವರೆಗೆ ಮುಖ್ಯಮಂತ್ರಿಯಾಗಿದ್ದವರು ಜ್ಯೋತಿ ಬಸು! ಇನ್ನು ಶಶಿ, ಸುಮನ್, ಮಂಜು ಎಂದು ಬೀದಿಯಲ್ಲಿ ಕೂಗಿದರೆ ಯಾವ ಮನೆಯಿಂದ ಹುಡುಗ ಬರುತ್ತಾನೋ, ಯಾವ ಮನೆಯಿಂದ ಹುಡುಗಿ ಬರುತ್ತಾಳೋ ಹೇಳಬರುವಂತಿಲ್ಲ.

ಕನ್ನಡದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹೆಸರು ಮುಚ್ಚಿಟ್ಟ ಗುಟ್ಟನ್ನು ಕ್ರಿಯಾಪದ ಬಿಟ್ಟುಕೊಡುತ್ತದೆ: ಕಿರಣ ಬಂದ, ಕಿರಣ ಬಂದಳು. ಆದರೆ ಗೌರವ ಕೊಟ್ಟು 'ಕಿರಣ ಬಂದರು' ಎಂದಿರೋ, ಗಂಡು-ಹೆಣ್ಣಿನ ಭೇದವೇ ಮಾಯ. ಮರ್ಯಾದೆ ಕೊಟ್ಟ ಕಡೆ ಲಿಂಗ ಕೇಳುವವರಿಲ್ಲ ಎಂಬುದನ್ನು ಭಾಷೆಯೇ ಕಲಿಸಿಟ್ಟಿದೆ.

ಕಾಗದದಲ್ಲಿ ಹುಷಾರು

ಇಂಥ ಹೆಸರಿಡುವವರು ದಾಖಲೆಯ ವಿಚಾರದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಹೆಸರು ನೋಡಿ ಯಾರೋ ಅಂದಾಜಿನ ಮೇಲೆ 'ಗಂಡು' ಎಂದು ಬರೆದರೆ, ತಿದ್ದಿಸಲು ಅಲೆದು ಚಪ್ಪಲಿ ಸವೆಸಬೇಕಾದವರು ತಾಯಿತಂದೆ. ಜನನವನ್ನು 21 ದಿನಗಳೊಳಗೆ ತಿಳಿಸಬೇಕು ನಿಜ. ಆದರೆ ಹೆಸರು ಅಷ್ಟರಲ್ಲೇ ಗೊತ್ತಾಗಿರಬೇಕೆಂದಿಲ್ಲ. ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅವಸರಕ್ಕೆ ಬಿದ್ದು ಏನೋ ಒಂದು ಬರೆಸುವ ಅಗತ್ಯವಿಲ್ಲ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸು, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ, ಊರಿಗೆ ಜನನ ಪ್ರಮಾಣಪತ್ರವೇ ಆಧಾರ. ಕನ್ನಡದಲ್ಲಿ ಕಿರಣವೋ ಕಿರಣ್ಣೋ, ಇಂಗ್ಲಿಷಿನಲ್ಲಿ ಕೊನೆಗೆ 'ಎ' ಅಕ್ಷರ ಬೇಕೋ ಬೇಡವೋ, ಮೊದಲೇ ತೀರ್ಮಾನಿಸಿ ಎಲ್ಲ ಕಡೆ ಒಂದೇ ಥರ ಬರೆಸುವುದು ಜಾಣತನ. ಪ್ರಮಾಣಪತ್ರ ಕೈಗೆ ಬಂದೊಡನೆ ಕಿಸೆಗೆ ಇಳಿಸದೆ, ಲಿಂಗದ ಕಲಮನ್ನು ಅಲ್ಲೇ ಓದಿ ನೋಡಬೇಕು.

ಹೆಸರು ಬದಲಾದ ಮಾತ್ರಕ್ಕೆ ಕಂಟ್ರಾಕ್ಟರ ಮನಸ್ಸು ಬದಲಾದೀತೆ? ಇಲ್ಲ. ಸಂದರ್ಶನದ ದಿನ ಎದುರು ಹೋಗಿ ನಿಲ್ಲಲೇಬೇಕು. ಆದರೆ ಬಾಗಿಲ ತನಕವಾದರೂ ಹೋಗುವುದಕ್ಕೆ ಹೆಸರು ಅಡ್ಡ ಬರಬಾರದು ಎಂಬುದಷ್ಟೇ ಆ ತಾಯಿಯ ಲೆಕ್ಕ.

ಹಳ್ಳಿಯ ಮನೆಯಲ್ಲಿ ಕೊನೆಗೆ ಏನಾಯಿತು? ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ನಮ್ಮಕ್ಕಂಗೆ ಸಾಕಮ್ಮ ಅಂತ ಮಡಗಿದ್ರು. ಸಾಯೋಗಂಟ ಎಲ್ರೂ ಸಾಕಿ, ಸಾಕಿ ಅಂತಿದ್ರು. ಯಾಕ್ ಮಡಗಿದ್ರು ಅಂತ ಅವ್ಳಿಗೂ ಗೊತ್ತಿತ್ತು." ಮತ್ತೆ ಸೊಸೆಯ ಕಡೆ ತಿರುಗಿ, "ಕಿರಣ ಅಂದ್ರೇನವ್ವ?" ಎಂದು ಕೇಳಿದರು.

"ಸೂರ್ಯನ ಬೆಳಕಿನ ಎಳೆ ಅತ್ತೆ."

"ಹಂಗಾದ್ರೆ ಆಗ್ಲಿ. ಬೇಕು ಅಂತ ಮಡಗಿರೋ ಹೆಸ್ರು ತಾನೆ!"

ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು. ಪಾಯಸ ಬಡಿಸಿದರು. ಊಟದ ಗದ್ದಲಕ್ಕೆ ಎಚ್ಚರವಾಗಿ ಕೂಸು ಅತ್ತಿತು. ಗಂಡಿನ ಹೆಸರು ಬೇಡ ಎಂದು ಬೆಳಗಿನಿಂದ ಹಟ ಹಿಡಿದಿದ್ದ ಅಜ್ಜಿಯೇ ಓಡಿ ಹೋಗಿ ಎತ್ತಿಕೊಂಡು ಮುದ್ದು ಮಾಡಿದರು: "ಯಾಕ್ಲಾ ಮಗಾ? ಹಸೀತೇನ್ಲಾ?"